ಎಡಿಟರ್‌ಗೆ ಪೈಥಾನ್ ಸಿಗಲೊಲ್ಲದು: ಗದಗಿನ ಒಂದು ಪ್ರೆಸ್ಸಿನ ಪ್ರಕರಣ

ಗದಗಿನ ಒಂದು ಪ್ರೆಸ್ಸಿನಿಂದ ಫೋನ್ ಬಂದಾಗ ನಾನು ಹುಬ್ಬಳ್ಳಿಯ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಆ ಕಡೆ ಇದ್ದದ್ದು ಅಲ್ಲಿ ಬಹಳ ವರ್ಷದಿಂದ ಡಿಟಿಪಿ ಮಾಡುತ್ತಿರುವ ಅಕ್ಕ.

"ಪೈಥಾನ್ ಐದ್ ಸಲ ಹಾಕೇವ್ರಿ. ಐದೂ ಸಲ ಎಡಿಟರ್ ಇಲ್ಲ ಅಂತೈತಿ. ಆರನೇ ಸಲ ಹಾಕೋಣೇನ್ರಿ?"

ಬೇಡ, ಕೈ ತೆಗೆಯಿರಿ ಅಂದೆ. ಪೈಥಾನ್ ಅಂದರೆ ಪ್ರೋಗ್ರಾಂ ಬರೆಯುವ ಒಂದು ಭಾಷೆ, ಎಡಿಟರ್ ಅಂದರೆ ಬರಹ ತಿದ್ದುವ ಪ್ರೋಗ್ರಾಂ. ಒಂದೇ ಸಾಮಾನನ್ನು ಐದು ಸಲ ಹಾಕಿದರೂ ಕೆಲಸ ಆಗದಿದ್ದರೆ ತಪ್ಪು ಆ ಸಾಮಾನಿನಲ್ಲಿ ಇರುವುದು ಕಡಿಮೆ. ಆದರೆ ಎಲ್ಲಿದೆ ಅಂತ ಹುಡುಕಲು ನನಗೂ ಒಂದು ಪೂರ್ತಿ ದಿನ ಹಿಡಿಯಿತು. ಇದೇ ಗೋಜಲು ಬೇರೆಯವರಿಗೂ ಬರಬಹುದು. ಅದಕ್ಕೇ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಕೆಲಸ ಏನಿತ್ತು

ಗದಗಿಗೆ ಮುದ್ರಣ ಕಾಶಿ ಅನ್ನುವ ಹೆಸರಿದೆ. ಓಣಿಗೊಂದು ಪ್ರೆಸ್ಸು ಇರುವ ಊರು. ಹಾಗಾಗಿ ಹಳೇ ಕಂಪ್ಯೂಟರ್‌ಗಳಲ್ಲಿ ಹಳೇ ಕನ್ನಡ ಫೈಲುಗಳೂ ರಾಶಿ ಬಿದ್ದಿವೆ. ಈ ಪ್ರೆಸ್ಸಿನವರು 2006ರಲ್ಲಿ ಹತ್ತಿರದ ಹಳ್ಳಿಯ ಒಂದು ಭಜನಾ ಸಂಘಕ್ಕೆ ಪದಗಳ ಪುಸ್ತಕ ಅಚ್ಚು ಹಾಕಿಕೊಟ್ಟಿದ್ದರು. ಪೇಜ್‌ಮೇಕರ್‌ನಲ್ಲಿ, ನುಡಿ ಫಾಂಟಿನಲ್ಲಿ, ಸುಮಾರು 140 ಪುಟ. ಈಗ ಸಂಘದ ಹುಡುಗರಿಗೆ ಅದು ಮೊಬೈಲ್‌ನಲ್ಲಿ ಬೇಕು. ಪದದ ಮೊದಲ ಸಾಲು ಹುಡುಕಿದರೆ ಸಿಗಬೇಕು. ಅಂದರೆ ಯುನಿಕೋಡ್ ಆಗಬೇಕು, ಎಲ್ಲ ಕಂಪ್ಯೂಟರ್, ಮೊಬೈಲಿಗೂ ಒಂದೇ ಆದ ಅಕ್ಷರ ಸಂಕೇತ.

ಡಿಟಿಪಿ ಮಂದಿಗೆ ಇದು ಗೊತ್ತಿರುವ ತಲೆನೋವು. ಹಳೇ ನುಡಿ ಬರಹ ಕಣ್ಣಿಗೆ ಕನ್ನಡ, ಒಳಗೆ ಕನ್ನಡ ಅಲ್ಲ. ಇಂಗ್ಲಿಷ್ ಅಕ್ಷರ ಮತ್ತು ಯುರೋಪಿನ ಗುರುತುಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂಡಿಸಿರುತ್ತಾರೆ. "ಕನ್ನಡ" ಅನ್ನುವ ಪದದ ಫಾಂಟ್ ತೆಗೆದು ನೋಡಿ. ದೊಡ್ಡ ಪಿ, ತಲೆ ಮೇಲೆ ಗೀರು ಇರುವ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದು ಎಸ್, ಸಣ್ಣ ಕ್ಯೂ, ಮತ್ತೆ ಅದೇ ಎ. ಒಟ್ಟು 7 ಗುರುತು. ಯುನಿಕೋಡ್‌ನಲ್ಲಿ ಅದೇ ಪದ 5 ಸಂಕೇತ: ಕ, ನ, ಹಲಂತ, ನ, ಡ.

ಸುಮ್ನೆ ಒಂದಕ್ಕೊಂದು ಬದಲಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. "ಧರ್ಮ" ತಗೊಳ್ಳಿ. ನುಡಿಯಲ್ಲಿ ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು. ಕೈಯಲ್ಲಿ ಬರೆಯುವಾಗ ಹೇಗೋ ಹಾಗೆ. ಯುನಿಕೋಡ್ ಬಾಯಲ್ಲಿ ಹೇಳುವ ಸಾಲಿನಲ್ಲಿ ಹೋಗುತ್ತದೆ: ಧ, ರ, ಹಲಂತ, ಮ. ಹಿಂದೆ ಇರುವುದನ್ನು ಎತ್ತಿ ಮುಂದೆ ಇಡಬೇಕು. ಒತ್ತಕ್ಷರಕ್ಕೆ ಗುಣಿತ ಸೇರಿದಾಗಲೂ ಇದೇ ಆಟ. ಅದಕ್ಕೇ ಹುಡುಕಿ ಬದಲಿಸುವ ಆಜ್ಞೆ ಸಾಲದು, ಪ್ರೋಗ್ರಾಂ ಬೇಕು. ಅಕ್ಕನ ಅಳಿಯ, ಇಂಜಿನಿಯರಿಂಗ್ ಓದುತ್ತಿರುವ ಹುಡುಗ, ಪೈಥಾನ್‌ನಲ್ಲಿ ಅದನ್ನು ಬರೆದಿದ್ದ. ಚೆನ್ನಾಗೇ ಬರೆದಿದ್ದ.

ಹಾಗಾದರೆ ಅದನ್ನು ನೇರವಾಗಿ ಓಡಿಸಬಹುದಿತ್ತಲ್ಲ, ಎಡಿಟರ್ ಯಾಕೆ ಬೇಕು? ನಾನೂ ಮೊದಲು ಅದನ್ನೇ ಕೇಳಿದೆ. ಪುಸ್ತಕದ ನಡುನಡುವೆ ದಾನಿಗಳ ಹೆಸರು, ವಿಳಾಸ ಇಂಗ್ಲಿಷಿನಲ್ಲಿ ಇದ್ದವು. ಫಾಂಟ್ ತೆಗೆದ ಬರಹದಲ್ಲಿ ಇಂಗ್ಲಿಷಿನ ಪಿ ಯಾವುದು, ಕನ್ನಡದ "ಕ" ಆಗಬೇಕಾದ ಪಿ ಯಾವುದು ಅಂತ ಪ್ರೋಗ್ರಾಂಗೆ ಗೊತ್ತಾಗುವುದಿಲ್ಲ. ಇಡೀ ಫೈಲ್ ಒಮ್ಮೆಗೇ ಹಾಕಿದರೆ ಇಂಗ್ಲಿಷ್ ವಿಳಾಸವೆಲ್ಲ ಅರ್ಥವಿಲ್ಲದ ಕನ್ನಡ ಆಗಿಬಿಡುತ್ತದೆ. ಕಣ್ಣಿಂದ ನೋಡಿ, ಬೇಕಾದ ಸಾಲು ಮಾತ್ರ ಆರಿಸಿ, ಅಷ್ಟಕ್ಕೇ ಪರಿವರ್ತನೆ ಮಾಡಬೇಕು. ಹುಡುಗ ಅಕ್ಕನಿಗೆ ಜಿವಿಮ್ (ವಿಮ್ ಅನ್ನುವ ಎಡಿಟರಿನ ಕಿಟಕಿ ಇರುವ ರೂಪ) ಹಾಕಿಕೊಟ್ಟು ಕಲಿಸಿದ್ದ. ಅದರೊಳಗೇ ಪೈಥಾನ್ ಓಡಿಸಬಹುದು ಅಂತ ಅವನಿಗೆ ಗೊತ್ತಿತ್ತು. ಯೋಚನೆ ಸರಿಯಾಗೇ ಇತ್ತು.

ಫೋನಿನಲ್ಲಿ ಸಿಕ್ಕ ಮೊದಲ ಸುಳಿವು

ಬ್ರಾಮ್ ಮೂಲೆನಾರ್ 1991ರಲ್ಲಿ ಹೊರಬಿಟ್ಟ ವಿಮ್‌ಗೆ ತನ್ನದೇ ಸ್ಕ್ರಿಪ್ಟ್ ಭಾಷೆ ಇದೆ. ಅದರ ಜೊತೆಗೆ ಪೈಥಾನ್, ರೂಬಿ, ಪರ್ಲ್, ಲುವಾ, ಟಿಸಿಎಲ್ ಇವನ್ನೂ ಒಳಗೆ ಕರೆದುಕೊಳ್ಳುತ್ತದೆ. ಆದರೆ "ಕರೆದುಕೊಳ್ಳುತ್ತದೆ" ಅನ್ನುವುದಕ್ಕೆ ಎರಡು ಅರ್ಥ. ಇಡೀ ಪ್ರಕರಣ ಇರುವುದು ಅಲ್ಲೇ.

ಅಕ್ಕನಿಗೆ ಕೋಲನ್ ಒತ್ತಿ ವರ್ಶನ್ ಅಂತ ಬರೆದು ಎಂಟರ್ ಒತ್ತಲು ಹೇಳಿದೆ. ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ಪೈಥಾನ್3 ಹುಡುಕಿ, ಅದರ ಹಿಂದೆ ಕೂಡಿಸುವ ಗುರುತು ಇದೆಯೋ ಕಳೆಯುವ ಗುರುತು ಇದೆಯೋ ಹೇಳಿ ಅಂದೆ.

"ಕೂಡ್ಸೂದೈತ್ರಿ. ಮುಂದ ಗೀಟು ಹಾಕಿ ಡಿವೈಎನ್ ಅಂತ ಐತಿ."

ಕಳೆಯುವ ಗುರುತಿದ್ದರೆ ಆ ಎಡಿಟರ್ ಕಟ್ಟುವಾಗಲೇ ಪೈಥಾನ್ ಬಾಗಿಲು ಇಟ್ಟಿಲ್ಲ ಅಂತ. ಆಗ ನೀವು ಎಷ್ಟು ಪೈಥಾನ್ ಹಾಕಿದರೂ ಉಪಯೋಗ ಇಲ್ಲ, ಎಡಿಟರನ್ನೇ ಬದಲಿಸಬೇಕು. ಉಬುಂಟು ಲಿನಕ್ಸಿನಲ್ಲಿ ಮೊದಲೇ ಇರುವ, ವಿಮ್-ಟೈನಿ ಅನ್ನುವ ಪುಟ್ಟ ವಿಮ್ಮಿನಲ್ಲಿ ಹೀಗೇ ಆಗುತ್ತದೆ. ಅಲ್ಲಿ ವಿಮ್-ನಾಕ್ಸ್ ಅನ್ನುವ ಪ್ಯಾಕೇಜ್ ಹಾಕಿದರೆ ತಾಪತ್ರಯ ಮುಗಿಯುತ್ತದೆ. ಇಲ್ಲಿ ಹಾಗಲ್ಲ, ಬಾಗಿಲು ಇದೆ. ಡಿವೈಎನ್ ಅಂದರೆ ಡೈನಾಮಿಕ್. ಪೈಥಾನ್ ಎಡಿಟರಿನ ಹೊಟ್ಟೆಯಲ್ಲಿಲ್ಲ, ಬೇಕಾದಾಗ ಹೊರಗಿನಿಂದ ಒಂದು ಡಿಎಲ್ಎಲ್ ಫೈಲ್ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡಿನ ಕಟ್ಟು, ಅಂದರೆ ಲೈಬ್ರರಿ) ಎತ್ತಿಕೊಳ್ಳುತ್ತದೆ.

ಇನ್ನೊಂದು ಪ್ರಶ್ನೆ ಕೇಳಿಸಿದೆ. ಎಕೋ ಬರೆದು, ಹ್ಯಾಸ್ ಅನ್ನುವ ಫಂಕ್ಷನ್‌ಗೆ ಪೈಥಾನ್3 ಕೊಡಿ. ಉತ್ತರ 0. ಬಾಗಿಲು ಇದೆ, ಆದರೆ ತೆರೆಯುತ್ತಿಲ್ಲ. ಪಟ್ಟಿಯ ಕೂಡಿಸುವ ಗುರುತು ಹೇಳುವುದು ಕಟ್ಟಿದವರ ಉದ್ದೇಶ. ಈ 0 ಅಥವಾ 1 ಹೇಳುವುದು ನಿಮ್ಮ ಕಂಪ್ಯೂಟರಿನಲ್ಲಿ ಈಗ ನಿಜವಾಗಿ ಏನಾಗುತ್ತಿದೆ ಅಂತ. ಎರಡನ್ನೂ ನೋಡಬೇಕು. ಹುಡುಗ ಮೊದಲನೆಯದನ್ನು ಮಾತ್ರ ನೋಡಿ, ಎಡಿಟರ್ ಸರಿ ಇದೆ ಅಂತ ತೀರ್ಮಾನ ಮಾಡಿ, ಪೈಥಾನ್ ಬೆನ್ನು ಹತ್ತಿದ್ದ.

ಮರುದಿನ ಪೆನ್ ಡ್ರೈವಿನಲ್ಲಿ ನಾನು ಮನೆಯಲ್ಲಿ ಬಳಸುವ ಜಿವಿಮ್ 9.0 ಹಾಕಿಕೊಂಡು ಗದಗ ಬಸ್ ಹತ್ತಿದೆ. ಅಣ್ಣಿಗೇರಿ ದಾಟುವಾಗ ಹುಡುಗನ ಫೋನ್. "ಸರ್, ಅದು ಕೇಳೋ ಡಿಎಲ್ಎಲ್ ಹೆಸರು ಸಿಕ್ತು, ಪೈಥಾನ್38. ನಾನು 3.8 ಹಾಕೀನಿ. ಆದ್ರೂ ಬರವಲ್ದು." ಈ ಮಾತಿನಿಂದ ನನ್ನ ಮೊದಲ ಊಹೆ ಬಿದ್ದುಹೋಯಿತು. ವರ್ಶನ್ ಹೊಂದುತ್ತಿಲ್ಲ ಅಂತ ಹೇಳಿ ಸಂಜೆಯೊಳಗೆ ವಾಪಸ್ ಬರಬಹುದು ಅಂದುಕೊಂಡಿದ್ದೆ.

ಐದು ಸಲ ಏನೇನು ಹಾಕಿದ್ದರು

ಪ್ರೆಸ್ಸಿನಲ್ಲಿ ಚಹಾ ಕುಡಿಯುತ್ತಾ ಒಂದು ಹಾಳೆಯಲ್ಲಿ ಬರೆಸಿದೆ. ಮೊದಲು 3.12. ಆಮೇಲೆ ಅದನ್ನೇ ತೆಗೆದು, ಪಾತ್‌ಗೆ (ವಿಂಡೋಸ್ ಪ್ರೋಗ್ರಾಂ ಹುಡುಕುವ ಫೋಲ್ಡರುಗಳ ಪಟ್ಟಿಗೆ) ಸೇರಿಸು ಅನ್ನುವ ಟಿಕ್ ಹಾಕಿ ಮತ್ತೆ 3.12. ಎರರ್‌ನಲ್ಲಿ ಹೆಸರು ನೋಡಿದ ಮೇಲೆ 3.8. ಅದನ್ನೇ ಎಲ್ಲ ಬಳಕೆದಾರರಿಗೆ ಅಂತ ಮತ್ತೊಮ್ಮೆ. ಕೊನೆಗೆ ಮತ್ತೆ 3.12, ಈ ಸಲ ಅದರ ಡಿಎಲ್ಎಲ್ ನಕಲು ಮಾಡಿ, ಪೈಥಾನ್38 ಅಂತ ಹೆಸರು ಬದಲಿಸಿ ಜಿವಿಮ್ ಫೋಲ್ಡರಿನಲ್ಲಿ ಇಟ್ಟಿದ್ದ. ಇದನ್ನು ಹೇಳುವಾಗ ಹುಡುಗ ಸ್ವಲ್ಪ ನಾಚಿದ. ನಾನು ನಗಲಿಲ್ಲ. ನಾನೂ ಒಂದು ಕಾಲದಲ್ಲಿ ಇದನ್ನೇ ಮಾಡಿದವನು.

ಎಲ್ಲ ಸಲವೂ ಬಂದ ಎರರ್ ಒಂದೇ: ಇ370, ಲೈಬ್ರರಿ ಲೋಡ್ ಮಾಡಲು ಆಗಲಿಲ್ಲ. ಅದರ ಕೆಳಗೆ ಇ263, ಪೈಥಾನ್ ಲೈಬ್ರರಿ ಇಲ್ಲದ್ದರಿಂದ ಈ ಆಜ್ಞೆ ನಡೆಯುವುದಿಲ್ಲ. ದಾರಿ ತಪ್ಪಿಸುವುದು ಇದೇ. ಫೈಲ್ ಇಲ್ಲದಿದ್ದರೂ ಅದೇ ಮಾತು, ಫೈಲ್ ಇದ್ದು ಒಳಗೆ ತಗೊಳ್ಳಲು ಬರದಿದ್ದರೂ ಅದೇ ಮಾತು. ಓದಿದವರು "ಇಲ್ಲ" ಅಂತಲೇ ತಿಳಿಯುತ್ತಾರೆ, ಮತ್ತೆ ಹಾಕುತ್ತಾರೆ.

ನನಗೆ ಉತ್ತರ ಸಿಕ್ಕಿದ್ದು ವರ್ಶನ್ ಪಟ್ಟಿಯ ಮೇಲ್ತುದಿಯಲ್ಲಿ. ಎಲ್ಲರೂ ಪಟ್ಟಿಯ ನಡುವೆ ಹುಡುಕುತ್ತಾರೆ, ಮೇಲಿನ ಎರಡು ಸಾಲು ಓದುವುದಿಲ್ಲ. ವಿಮ್ 8.2. ಅದರ ಕೆಳಗೆ: ಎಂಎಸ್-ವಿಂಡೋಸ್ 32 ಬಿಟ್.

ಹುಡುಗ ಹಾಕಿದ್ದ ಪೈಥಾನ್ ಐದೂ 64 ಬಿಟ್. "ಕಂಪ್ಯೂಟರ್ 64 ಬಿಟ್ ಅಲ್ವಾ ಸರ್, ಅದಕ್ಕೇ" ಅಂದ. ತಪ್ಪೇನಿಲ್ಲ. ಆದರೆ ಇಲ್ಲಿ ಕಂಪ್ಯೂಟರ್ ಎಷ್ಟು ಬಿಟ್ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. 64 ಬಿಟ್ ವಿಂಡೋಸ್ ಮೇಲೆ 32 ಬಿಟ್ ಪ್ರೋಗ್ರಾಂ ಆರಾಮಾಗಿ ಓಡುತ್ತದೆ. ಆದರೆ 32 ಬಿಟ್ ಆಗಿ ಓಡುತ್ತಿರುವ ಪ್ರೋಗ್ರಾಂ 64 ಬಿಟ್ ಡಿಎಲ್ಎಲ್ ಅನ್ನು ತನ್ನೊಳಗೆ ಎಳೆದುಕೊಳ್ಳಲಾರದು. ಮೀಟರ್‌ಗೇಜ್ ಹಳಿ ಮೇಲೆ ಬ್ರಾಡ್‌ಗೇಜ್ ಡಬ್ಬಿ ನಿಲ್ಲಿಸಿದ ಹಾಗೆ. ಗೇಜ್ ಬದಲಾಗುವುದಕ್ಕೆ ಮುಂಚಿನ ಗದಗ ಸ್ಟೇಷನ್ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ನೋಡಿದ್ದರೆ ಸುಳಿವು ಇನ್ನೂ ಎರಡು ಕಡೆ ಇತ್ತು. ಜಿವಿಮ್ ಕೂತಿದ್ದದ್ದು ಎಕ್ಸ್86 ಅಂತ ಬಾಲ ಇರುವ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ. ಟಾಸ್ಕ್ ಮ್ಯಾನೇಜರ್‌ನಲ್ಲೂ ಅದರ ಹೆಸರಿನ ಮುಂದೆ 32 ಬಿಟ್ ಅಂತ ತೋರಿಸುತ್ತಿತ್ತು.

ಯಾವ ದಾರಿ

ಎಲ್ಲಕ್ಕಿಂತ ಚಿಕ್ಕ ರಿಪೇರಿ ಅಂದರೆ ಎಡಿಟರ್ ಹಾಗೇ ಬಿಟ್ಟು, 32 ಬಿಟ್‌ನ ಪೈಥಾನ್ 3.8 ಹಾಕುವುದು. ನಾನು ಅದಕ್ಕೇ ಹೊರಟಿದ್ದೆ. ಹಾಕುವ ಮುಂಚೆ ಹುಡುಗನ ಪ್ರೋಗ್ರಾಂ ಒಮ್ಮೆ ತೆರೆದು ನೋಡಿದ್ದು ಒಳ್ಳೆಯದಾಯಿತು. ಎರಡನೇ ಪರದೆಯಲ್ಲೇ ಹಲವು ಸಾಧ್ಯತೆಗಳಲ್ಲಿ ಒಂದನ್ನು ಆರಿಸುವ ಮ್ಯಾಚ್-ಕೇಸ್ ಬಳಸಿದ್ದ. ಅದು ಪೈಥಾನಿಗೆ ಬಂದದ್ದು 3.10ರಲ್ಲಿ, 2021ರ ಅಕ್ಟೋಬರಿನಲ್ಲಿ. 3.8 ಅದನ್ನು ನೋಡಿದ ಕೂಡಲೇ ಸಿಂಟ್ಯಾಕ್ಸ್ ಎರರ್ ಅನ್ನುತ್ತದೆ. ಸಾಲು ಸಾಲು ಇಫ್ ಬರೆದಿದ್ದರೂ ಕೆಲಸ ಆಗುತ್ತಿತ್ತು. ಆದರೆ ಹೊಸದಾಗಿ ಕಲಿತವರಿಗೆ ಹೊಸ ಸಾಮಾನು ಬಳಸುವ ಹುಚ್ಚು ಇರುತ್ತದೆ, ಇರಲಿ ಬಿಡಿ.

ಹಾಗಾಗಿ ಎಡಿಟರನ್ನೇ ಬದಲಿಸಿದೆವು. ಹಳೇ ಜಿವಿಮ್ ತೆಗೆದು, ಅಕ್ಕನ ಸೆಟ್ಟಿಂಗ್ ಫೈಲ್ ಜೋಪಾನವಾಗಿ ಎತ್ತಿಟ್ಟು, ಪೆನ್ ಡ್ರೈವಿನಿಂದ 64 ಬಿಟ್ 9.0 ಹಾಕಿದೆ. ತೆರೆದು, ಅದೇ ಪ್ರಶ್ನೆ ಕೇಳಿದೆ.

0.

ಹುಡುಗನ ಮುಖ ನೋಡಬೇಕಿತ್ತು. ಅಕ್ಕ ಮಾತ್ರ "ಆತು ಬಿಡ್ರಿ, ಮಿರ್ಚಿ ತರಸ್ತೀನಿ" ಅಂತ ಎದ್ದು ಹೋದರು.

ಎರರ್ ಅದೇ ಇ370. ಆದರೆ ಹೆಸರು ಬದಲಾಗಿತ್ತು: ಈಗ ಕೇಳುತ್ತಿದ್ದದ್ದು ಪೈಥಾನ್310. ಬಿಟ್ ಹೊಂದಿತು, ವರ್ಶನ್ ಹೊಂದಲಿಲ್ಲ. ಮೊದಲು ಒಂದು ತಪ್ಪಿನ ಹಿಂದೆ ಇನ್ನೊಂದು ತಪ್ಪು ಅಡಗಿತ್ತು ಅಷ್ಟೇ. ಜಿವಿಮ್ ಕಟ್ಟಿದವರು ಯಾವ ಪೈಥಾನ್ ಇಟ್ಟುಕೊಂಡು ಕಟ್ಟಿದರೋ ಆ ಪೈಥಾನಿನ ಡಿಎಲ್ಎಲ್ ಹೆಸರು ಅದರಲ್ಲಿ ಅಚ್ಚಾಗಿರುತ್ತದೆ. ವರ್ಶನ್ ಪಟ್ಟಿಯ ಕೊನೆಯಲ್ಲಿ ಕಂಪೈಲ್ ಮಾಡಿದ ವಿವರಗಳಿರುವ ಕಡೆ ಆ ಹೆಸರು ಕಾಣುತ್ತದೆ. 3.12 ಹೊಸದು, ಹೆಚ್ಚಿನದು ಅಂತ ಅದು ಒಪ್ಪುವುದಿಲ್ಲ.

"ಸರ್, ಈಗ ಬಿಟ್ ಸರಿ ಐತಲ್ಲ. ಹೆಸರು ಬದಲ್ ಮಾಡಿ ಇಟ್ರ?" ಅಂದ ಹುಡುಗ. ಇಡು ಅಂದೆ. ಬಾಯಲ್ಲಿ ಹೇಳುವುದಕ್ಕಿಂತ ಇದನ್ನು ಒಮ್ಮೆ ನೋಡಲಿ ಅಂತ. 3.12ರ ಡಿಎಲ್ಎಲ್‌ಗೆ ಪೈಥಾನ್310 ಅಂತ ಹೆಸರಿಟ್ಟು ಜಿವಿಮ್ ಪಕ್ಕದಲ್ಲಿ ಇಟ್ಟ. ಪ್ರಶ್ನೆ ಕೇಳಿದ. ಉತ್ತರ 1! ಅವನು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. "ಈಗ ಪೈಥಾನಿನ ಒಂದು ಪ್ರಿಂಟ್ ಆಜ್ಞೆ ಕೊಡು" ಅಂದೆ. ಕೊಟ್ಟ. ಜಿವಿಮ್ ಕಿಟಕಿ ಕಣ್ಮುಚ್ಚಿ ತೆರೆಯುವುದರಲ್ಲಿ ಮಾಯ. ಎರರ್ ಇಲ್ಲ, ಏನಿಲ್ಲ.

3.10ರಿಂದ 3.12ಕ್ಕೆ ಹೋಗುವಾಗ ಪೈಥಾನಿನ ಒಳಗಿನ ರಚನೆಗಳು ಬದಲಾಗಿವೆ. ಹಳೇ ನಕ್ಷೆ ಇಟ್ಟುಕೊಂಡು ಜಿವಿಮ್ ಹೊಸ ಮನೆಯಲ್ಲಿ ಕೈ ಹಾಕುತ್ತದೆ, ಗೋಡೆ ಇರುವಲ್ಲಿ ಬಾಗಿಲು ಹುಡುಕುತ್ತದೆ. ಪೈಥಾನ್‌ಥ್ರೀಡಿಎಲ್ಎಲ್ ಅಂತ ವಿಮ್‌ನಲ್ಲಿ ಒಂದು ಆಪ್ಶನ್ ಇದೆ, ಅದರಲ್ಲಿ ಬೇರೆ ಹೆಸರು ಕೊಡಬಹುದು. ಆದರೆ ಅದು ಇರುವುದು ಸರಿಯಾದ ಫೈಲ್ ಬೇರೆ ಜಾಗದಲ್ಲಿದ್ದಾಗ ತೋರಿಸಲಿಕ್ಕೆ. ಬೇರೆ ವರ್ಶನ್ ತುರುಕಲಿಕ್ಕೆ ಅಲ್ಲ.

ಕೊನೆಗೆ ಮಾಡಿದ್ದು ಬಹಳ ಸಾದಾ ಕೆಲಸ. ಹೆಸರು ಬದಲಿಸಿದ ಡಿಎಲ್ಎಲ್ ಅಳಿಸಿದೆವು. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಪೈಥಾನ್ 3.10.11ರ 64 ಬಿಟ್ ಇನ್‌ಸ್ಟಾಲರ್ ಇಳಿಸಿದೆವು. 30 ಎಂಬಿಯೂ ಇಲ್ಲ. 3.10 ಸರಣಿಯಲ್ಲಿ ವಿಂಡೋಸಿಗೆ ರೆಡಿ ಇನ್‌ಸ್ಟಾಲರ್ ಸಿಗುವುದು ಇದೇ ಕೊನೆಯದು. ಆಮೇಲಿನವು ಬರೀ ಸೋರ್ಸ್ ಕೋಡ್, ಹಾಗಾಗಿ ಹೊಸದು ಹುಡುಕುತ್ತಾ ಹೋದರೆ ಸಿಗುವುದಿಲ್ಲ. 3.12 ತೆಗೆಯಲಿಲ್ಲ. ವಿಂಡೋಸಿನಲ್ಲಿ 3.10, 3.12 ಅಕ್ಕಪಕ್ಕ ಜಗಳ ಇಲ್ಲದೆ ಇರುತ್ತವೆ. ಹುಡುಗನ ಕಾಲೇಜು ಕೆಲಸಕ್ಕೆ ಅದು, ಎಡಿಟರಿಗೆ ಇದು.

ಉತ್ತರ 1. ಪ್ರಿಂಟ್ ಕೊಟ್ಟರೆ 3.10.11 ಅಂತ ಬಂತು, ಕಿಟಕಿಯೂ ಜಾಗದಲ್ಲೇ ಇತ್ತು. ಅಷ್ಟೊತ್ತಿಗೆ ಮಿರ್ಚಿ ಆರಿಹೋಗಿತ್ತು.

ಆಮೇಲಿನ ಸಣ್ಣಪುಟ್ಟವು

ಪೈಥಾನ್ ಬಂದ ಕೂಡಲೇ ಪರಿವರ್ತನೆ ಶುರುವಾಗಲಿಲ್ಲ. ಹುಡುಗನ ಫೈಲ್ ವಿಮ್‌ಗೆ ಕಾಣುತ್ತಿರಲಿಲ್ಲ. ಇದಕ್ಕೆ ಪಾತ್ ತಿದ್ದುವ ಗೋಜು ಬೇಡ. ವಿಮ್‌ಫೈಲ್ಸ್ ಫೋಲ್ಡರಿನೊಳಗೆ ಪೈಥಾನ್‌ಎಕ್ಸ್ ಅಂತ ಒಂದು ಫೋಲ್ಡರ್ ಮಾಡಿ ಅಲ್ಲಿಟ್ಟರೆ ಇಂಪೋರ್ಟ್ ಮಾಡುವಾಗ ತಾನಾಗೇ ಸಿಗುತ್ತದೆ.

ಆಮೇಲೆ ಸಾಲು ಆರಿಸಿ ಪಿವೈ3ಡು ಆಜ್ಞೆ ಕೊಟ್ಟೆವು. ಇದು ಆರಿಸಿದ ಒಂದೊಂದೇ ಸಾಲನ್ನು ಲೈನ್ ಅನ್ನುವ ಹೆಸರಿನಲ್ಲಿ ನಿಮ್ಮ ಕೈಗೆ ಕೊಡುತ್ತದೆ. ನೀವು ರಿಟರ್ನ್ ಮಾಡಿದ್ದನ್ನು ಆ ಸಾಲಿನ ಜಾಗದಲ್ಲಿ ಕೂಡಿಸುತ್ತದೆ. ಏನೂ ರಿಟರ್ನ್ ಮಾಡದಿದ್ದರೆ ಸಾಲು ಇದ್ದ ಹಾಗೇ ಇರುತ್ತದೆ. ನಮ್ಮ ಹುಡುಗ ರಿಟರ್ನ್ ಬದಲು ಪ್ರಿಂಟ್ ಬರೆದಿದ್ದ. ಕನ್ನಡ ಕೆಳಗೆ ಹಾದುಹೋಯಿತು, ಫೈಲು ಮಾತ್ರ ಅಲ್ಲಾಡಲಿಲ್ಲ. ಎರಡು ನಿಮಿಷದ ರಿಪೇರಿ.

ಅಕ್ಕ ಹೆದರಿದ್ದು ಇದರ ನಂತರ. ಮೊದಲ ಪದ ಪರಿವರ್ತನೆ ಆಯಿತು, ಪರದೆ ಮೇಲೆ ಒತ್ತಕ್ಷರಗಳು ಕೆಳಗೆ ಇಳಿಯದೆ ಪಕ್ಕಪಕ್ಕ ನಿಂತಿದ್ದವು. "ಅಯ್ಯ, ಅಕ್ಷರ ಎಲ್ಲಾ ಒಡದ್ ಹೋದ್ವಲ್ರಿ!" ಒಡೆದಿರಲಿಲ್ಲ. ಜಿವಿಮ್ ಪರದೆಯನ್ನು ಚೌಕಟ್ಟಿನ ಕಾಗದದ ಹಾಗೆ ಮನೆ ಮನೆ ಮಾಡಿ, ಒಂದೊಂದು ಅಕ್ಷರವನ್ನು ಒಂದೊಂದು ಮನೆಯಲ್ಲಿ ಬರೆಯುತ್ತದೆ. ಕನ್ನಡದ ಒತ್ತು ಹಾಗೆ ಮನೆ ಹಿಡಿದು ಕೂರುವ ಜಾತಿ ಅಲ್ಲ. ಅದೇ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ತೋರಿಸೋಣ ಅಂತ ಸೇವ್ ಒತ್ತಿದೆ. ಆಗ ಬಂತು ಇ513, ಬರೆಯಲು ಆಗಲಿಲ್ಲ, ಪರಿವರ್ತನೆ ವಿಫಲ.

ಇದನ್ನು ನಾನು ಮೊದಲೇ ಊಹಿಸಬೇಕಿತ್ತು. ಹಳೇ ನುಡಿ ಫೈಲನ್ನು ವಿಮ್ ಲ್ಯಾಟಿನ್1 (ಯುರೋಪಿನ ಅಕ್ಷರಗಳ ಹಳೇ ಸಂಕೇತ) ಅಂತ ಗುರುತಿಸಿ ತೆರೆದಿತ್ತು. ಉಳಿಸುವಾಗಲೂ ಅದೇ ಸಂಕೇತದಲ್ಲಿ ಉಳಿಸಲು ನೋಡುತ್ತದೆ. ಲ್ಯಾಟಿನ್1ರಲ್ಲಿ ಇರುವುದೇ 256 ಮನೆ, ಅಲ್ಲಿ ಕನ್ನಡಕ್ಕೆ ಜಾಗ ಎಲ್ಲಿ? ಫೈಲ್‌ಎನ್‌ಕೋಡಿಂಗ್ ಅನ್ನು ಯುಟಿಎಫ್-8 (ಯುನಿಕೋಡ್ ಬರಹ ಉಳಿಸುವ ಕ್ರಮ) ಮಾಡಿ ಸೇವ್ ಒತ್ತಿದೆ. ಫೈಲ್ ಮೊದಲಿಗಿಂತ ದಪ್ಪ ಆಯಿತು, ಯಾಕೆಂದರೆ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಒತ್ತುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಇದ್ದವು. ಅಕ್ಕ ಎರಡು ಪದ ಗಟ್ಟಿಯಾಗಿ ಓದಿದರು, ಮೂರನೆಯದನ್ನು ಹಾಡಿಯೇಬಿಟ್ಟರು.

ಆ ದಿನದಿಂದ ಅವರು ಎರಡು ಕಿಟಕಿ ಇಟ್ಟುಕೊಂಡು ಕೆಲಸ ಮಾಡಿದರು. ಆರಿಸುವುದು, ಬದಲಿಸುವುದು ಜಿವಿಮ್‌ನಲ್ಲಿ. ತಿದ್ದುಪಡಿ ನೋಡುವುದು ನೋಟ್‌ಪ್ಯಾಡ್‌ನಲ್ಲಿ. ಇದು ಸುಖದ ವ್ಯವಸ್ಥೆ ಅಂತ ನಾನು ಹೇಳುವುದಿಲ್ಲ. ಬರೀ ಯುನಿಕೋಡ್ ಕನ್ನಡ ಟೈಪ್ ಮಾಡುವವರಿಗೆ ಜಿವಿಮ್ ಹಾಕಿಕೊಳ್ಳಿ ಅಂತಲೂ ಹೇಳುವುದಿಲ್ಲ. ಈ ಕೆಲಸಕ್ಕೆ ಅದು ಹೊಂದಿತು. 140 ಪುಟ ನಾಲ್ಕು ದಿನದಲ್ಲಿ ಮುಗಿಯಿತು. ಅರ್ಕಾವತ್ತಿನ ಜೊತೆಗೆ ಇನ್ನೊಂದು ಒತ್ತು ಬರುವ ಕೆಲವು ಪದಗಳು ಮಾತ್ರ ಕೈಯಲ್ಲಿ ತಿದ್ದಿಸಿಕೊಂಡವು.

ಒಂದು ವಿಷಯ ನಾನು ಅಂದು ಮರೆತಿದ್ದೆ. ಪೈಥಾನಿಗೆ ಸ್ಟೇಬಲ್ ಎಬಿಐ ಅಂತ ಒಂದು ವ್ಯವಸ್ಥೆ ಇದೆ. ವರ್ಶನ್‌ನಿಂದ ವರ್ಶನ್‌ಗೆ ಬದಲಾಗುವುದಿಲ್ಲ ಅಂತ ಅವರೇ ಮಾತು ಕೊಟ್ಟ ಫಂಕ್ಷನ್‌ಗಳು ಅವು. 2024ರ ಜನವರಿಯಲ್ಲಿ ಬಂದ ವಿಮ್ 9.1 ಅನ್ನು ಅದರ ಮೇಲೆ ಕಟ್ಟಬಹುದು. ಹಾಗೆ ಕಟ್ಟಿದ್ದರೆ ವರ್ಶನ್ ಪಟ್ಟಿಯಲ್ಲಿ ಡಿವೈಎನ್ ಮುಂದೆ ಸ್ಟೇಬಲ್ ಅಂತಲೂ ಇರುತ್ತದೆ, ಆಗ 3.10ಕ್ಕೇ ಕಾಯುತ್ತಾ ಕೂರಬೇಕಿಲ್ಲ. ಪೆನ್ ಡ್ರೈವಿನಲ್ಲಿ ಅದನ್ನು ಒಯ್ದಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಬಿಟ್ ಹೊಂದಬೇಕಾದ ಮಾತು ಮಾತ್ರ ಆಗಲೂ ತಪ್ಪದು.

ತಿಂಗಳಾದ ಮೇಲೆ ಹುಡುಗ ಫೋನ್ ಮಾಡಿದ. 9.1 ಹಾಕಿದನಂತೆ, ಸ್ಟೇಬಲ್ ಅಂತ ತೋರಿಸುತ್ತಿದೆಯಂತೆ, 3.12ರ ಜೊತೆಗೇ ಉತ್ತರ 1 ಬಂತಂತೆ. ಇನ್ನು ಆ 3.10 ತೆಗೆಯಲೇ ಅಂತ ಕೇಳಿದ. ತೆಗಿ ಅಂದೆ. ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ಏ, ಪುಸ್ತಕ ಸಂಘದವರು ಒಪ್ಪಿ ರೊಕ್ಕ ಕೊಡೂ ಮಟಾ ಯಾವ್ದಕ್ಕೂ ಕೈ ಹಚ್ಚಬ್ಯಾಡ."